ಹಳೇ ಕಾರಿಗೆ ಎಲೆಕ್ಟ್ರಾನಿಕ್ ಥ್ರಾಟಲ್: ಕೇಳಿದ್ದು, ಹೇಳಿದ್ದು

ಪ್ರಶ್ನೆ (ಉಡುಪಿ): ನಮಸ್ಕಾರ ಸರ್. ಅಪ್ಪನ 1968ರ ಫಿಯಟ್ ಡಿಲೈಟ್ ನನ್ನ ಹತ್ತಿರ ಉಂಟು. ಕಾರ್ಬೊರೇಟರ್ ಎಂಜಿನ್, ಎಲ್ಲ ಒರಿಜಿನಲ್. ಆಕ್ಸಿಲರೇಟರ್ ತುಂಬಾ ಬಿಗಿ. ಕಾಲು ತೆಗೆದರೆ ಪೆಡಲ್ ನಿಧಾನಕ್ಕೆ ಮೇಲೆ ಬರುತ್ತದೆ. ಈಗಿನ ಕಾರುಗಳ ಹಾಗೆ ಎಲೆಕ್ಟ್ರಾನಿಕ್ ಥ್ರಾಟಲ್ ಹಾಕಿಸಿದರೆ ಸರಿಯಾಗುತ್ತದೆ ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದರು. ಹಾಕಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಮಂಗಳೂರು): ಬೇಡ ಮಾರಾಯ್ರೇ, ಖಂಡಿತ ಬೇಡ. ಥ್ರಾಟಲ್ ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು. ನಿಮ್ಮದರಲ್ಲಿ ಅದನ್ನು ಪೆಡಲ್ ಲಿಂಕ್ ಮೂಲಕ ತೆರೆಯುತ್ತದೆ, ಎಲೆಕ್ಟ್ರಾನಿಕ್‌ನಲ್ಲಿ ಮೋಟರ್ ತೆರೆಯುತ್ತದೆ. ಇದು ಲಿಂಕ್ ಕಳಚಿ ಮೋಟರ್ ಕೂರಿಸಿದರೆ ಮುಗಿಯುವ ಕೆಲಸ ಅಲ್ಲ. ಪೆಡಲ್‌ನಲ್ಲಿ ಸೆನ್ಸರ್ ಬೇಕು, ಥ್ರಾಟಲ್ ಬಾಡಿಯಲ್ಲಿ ಮೋಟರ್ ಬೇಕು, ಎರಡನ್ನೂ ಕ್ಷಣಕ್ಷಣಕ್ಕೂ ಕಾಯಲಿಕ್ಕೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಬೇಕು. ನಿಮ್ಮ ಗಾಡಿಯಲ್ಲಿ ಇಸಿಯುವೇ ಇಲ್ಲ. ಕಾರ್ಬೊರೇಟರ್‌ನ ಬಟರ್‌ಫ್ಲೈಯನ್ನು (ಆ ಬಾಗಿಲಿನ ತಟ್ಟೆ) ಮೋಟರ್‌ನಿಂದ ತಿರುಗಿಸಿದರೆ ಲಾಭ ಏನೂ ಇಲ್ಲ, ಹೊಸ ಅಪಾಯ ಮಾತ್ರ ಬರುತ್ತದೆ.

ಬಿಗಿ ಎಲ್ಲಿಂದ ಅಂತ ಮೊದಲು ಹುಡುಕಿ. ಎಂಜಿನ್ ಆಫ್ ಮಾಡಿ, ಪೆಡಲ್ ಕಡೆಯಿಂದ ಬರುವ ಲಿಂಕ್ ಕಳಚಿ, ಕಾರ್ಬೊರೇಟರ್‌ನ ಥ್ರಾಟಲ್ ಲಿವರನ್ನು ಬೆರಳಲ್ಲೇ ತಿರುಗಿಸಿ ಬಿಡಿ. ಟಕ್ ಅಂತ ವಾಪಸ್ ಬಂದರೆ ಕಾರ್ಬೊರೇಟರ್ ಸರಿ ಉಂಟು. ಹಾಗಾದರೆ ತೊಂದರೆ ಇರುವುದು ಪೆಡಲ್‌ನ ಪಿನ್, ಬುಷ್, ಲಿಂಕ್‌ಗಳಲ್ಲಿ. ಲಿವರೇ ಹಿಡಿದುಕೊಂಡರೆ ಸ್ಪಿಂಡಲ್ ಸವೆದಿರಬಹುದು, ಇಲ್ಲವೇ ಬಟರ್‌ಫ್ಲೈ ಅಂಚಿಗೆ ಕಪ್ಪು ಅಂಟು ಕೂತಿರಬಹುದು. ಕ್ಲೀನ್ ಮಾಡಿಸಿ, ರಿಟರ್ನ್ ಸ್ಪ್ರಿಂಗ್ ಬದಲಿಸಿ. ಅಲ್ಲಿಯವರೆಗೆ ಆ ಗಾಡಿ ರಸ್ತೆಗೆ ಇಳಿಸಬೇಡಿ.

ಇನ್ನೊಂದು ಮಾತು. ನಿಮ್ಮ ಗಾಡಿಗೆ 50 ವರ್ಷ ದಾಟಿದೆ. 2021ರ ಕೇಂದ್ರ ನಿಯಮದಡಿ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, 'ವಿಎ' ಇರುವ ನಂಬರ್ ಸಿಗುತ್ತದೆ. ಆದರೆ ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಇಷ್ಟು ಒರಿಜಿನಲ್ ಆಗಿ ಉಳಿದ ಡಿಲೈಟ್ ಈಗ ಸಿಗುವುದೇ ಕಷ್ಟ. ದಯವಿಟ್ಟು ಹಾಳು ಮಾಡಬೇಡಿ.

ಪ್ರಶ್ನೆ (ಸುರತ್ಕಲ್): ಅಣ್ಣಾ, ನನ್ನದು 1994ರ ಜಿಪ್ಸಿ. 1.3 ಲೀಟರ್ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) ಎಂಜಿನ್ ಹಾಕಿಸಿ ಆರ್‌ಸಿಯಲ್ಲೂ ಸೇರಿಸಿ ಆಗಿದೆ. ಥ್ರಾಟಲ್ ಮಾತ್ರ ಕೇಬಲ್. ಹೇಗೂ ಸ್ಟ್ಯಾಂಡ್‌ಅಲೋನ್ ಇಸಿಯು (ಕಂಪನಿಯದ್ದರ ಬದಲು ಹೊರಗಿನಿಂದ ತಂದು ಹಾಕುವಂಥದ್ದು) ಹಾಕಿಸುತ್ತೇನೆ, ಅದರೊಟ್ಟಿಗೇ ಎಲೆಕ್ಟ್ರಾನಿಕ್ ಥ್ರಾಟಲನ್ನೂ ಮಾಡಿಸಬಹುದಾ? ಎಂತೆಲ್ಲ ನೋಡಬೇಕು?

ಉತ್ತರ: ನಿಮ್ಮದರಲ್ಲಿ ಮಾಡಬಹುದು. ಇದೇನು ಮೊನ್ನೆ ಬಂದ ವಿದ್ಯೆ ಅಲ್ಲ, ಬಿಎಂಡಬ್ಲ್ಯು ತನ್ನ ವಿ12 ಎಂಜಿನ್‌ನ 750 ಕಾರಿಗೆ 1980ರ ದಶಕದಲ್ಲೇ ಹಾಕಿತ್ತು. ಐಡಲ್‌ಗೆ (ಪೆಡಲ್ ಒತ್ತದೆ ಎಂಜಿನ್ ಓಡುವಾಗ) ಬೇರೆ ವಾಲ್ವ್ ಬೇಡ. ಎಸಿ ಹಾಕಿದಾಗ ಎಂಜಿನ್ ಕುಸಿಯದ ಹಾಗೆ ಥ್ರಾಟಲ್‌ನ ಪ್ಲೇಟೇ (ಬಟರ್‌ಫ್ಲೈ) ನೋಡಿಕೊಳ್ಳುತ್ತದೆ.

ಇಸಿಯು ತಗೊಳ್ಳುವ ಮೊದಲೇ ಕೇಳಿ, ಅದಕ್ಕೆ ಡ್ರೈವ್-ಬೈ-ವೈರ್ (ಇದೇ ಎಲೆಕ್ಟ್ರಾನಿಕ್ ಥ್ರಾಟಲ್) ನಡೆಸಲಿಕ್ಕೆ ಬರುತ್ತದಾ ಅಂತ. ಮೈಕ್ರೋಸ್ಕ್ವರ್ಟ್‌ನಂಥ ಚಿಕ್ಕದರಲ್ಲಿ ಆ ಸೌಲಭ್ಯ ಇಲ್ಲ. ಹಾಲ್ಟೆಕ್ ಎಲೀಟ್ 2500ರಂಥದ್ದರಲ್ಲಿ ಉಂಟು. ಇಸಿಯುಗೆ ಬರುವುದಿಲ್ಲ ಅಂತಾದರೆ ಕೇಬಲ್ಲೇ ಇರಲಿ.

ಥ್ರಾಟಲ್ ಬಾಡಿ ದೊಡ್ಡದಿದ್ದಷ್ಟು ಒಳ್ಳೇದು ಅಂತ ಸುಮ್ನೆ ಹೇಳುತ್ತಾರೆ, ನಂಬಬೇಡಿ. ದೊಡ್ಡ ಎಂಜಿನ್‌ನ 70 ಮಿಲಿಮೀಟರ್ ಬಾಡಿಯನ್ನು 1.3ಕ್ಕೆ ಹಾಕಿದರೆ ಪೆಡಲ್ ಸ್ವಲ್ಪ ಮುಟ್ಟಿದರೂ ಗಾಳಿ ಜಾಸ್ತಿ ನುಗ್ಗುತ್ತದೆ. ಆಗುಂಬೆಯ ಹೇರ್‌ಪಿನ್‌ನಲ್ಲಿ ಫಸ್ಟ್ ಗೇರ್ ಹಾಕಿ ಹತ್ತುವಾಗ ಗಾಡಿ ಎಗರುತ್ತದೆ. ನಿಮ್ಮ ಎಂಜಿನ್ ಅಳತೆಯದೇ ಸಣ್ಣ ಕಾರಿನ ಬಾಡಿ ಹುಡುಕಿ.

ಪೆಡಲ್ ಕೂರಿಸುವಲ್ಲಿ ಜನ ಎಡವುತ್ತಾರೆ. ತೆಳು ತಗಡಿನ ಬ್ರಾಕೆಟ್ ಮಾಡಿದರೆ ಒತ್ತಿದಾಗ ಬಳುಕುತ್ತದೆ, ನಿಮ್ಮ ಕಾಲು ಕೇಳಿದ್ದೊಂದು, ಇಸಿಯುಗೆ ಮುಟ್ಟಿದ್ದೊಂದು. ದಪ್ಪ ಪ್ಲೇಟ್ ಹಾಕಿಸಿ. ಫುಲ್ ಒತ್ತಿದಾಗ ಫ್ಲೋರ್ ಮ್ಯಾಟ್‌ಗೆ ಸಿಕ್ಕಿಕೊಳ್ಳಬಾರದು. ಬ್ರೇಕ್ ಸ್ವಿಚ್‌ನ ವೈರ್ ಇಸಿಯುಗೆ ಕೊಡಿಸಲೇಬೇಕು: ಎರಡು ಪೆಡಲ್ ಒಟ್ಟಿಗೆ ಒತ್ತಿದರೆ ಬ್ರೇಕ್ ಗೆಲ್ಲಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಕೆಲಸ ಶುರು ಮಾಡುವ ಮೊದಲು ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರವಣಿಗೆಯಲ್ಲಿ ತಿಳಿಸಿ.

ಪ್ರಶ್ನೆ (ಕಾರ್ಕಳ): ನನ್ನ ತಮ್ಮನೂ ಇದನ್ನೇ ಮಾಡಿಸಲಿಕ್ಕೆ ಹೊರಟಿದ್ದಾನೆ. ಓಡುವಾಗ ವೈರ್ ತುಂಡಾದರೆ ಗಾಡಿ ಫುಲ್ ರೇಸ್ ಆಗಿಬಿಡುವುದಿಲ್ವಾ ಸರ್?

ಉತ್ತರ: ಒಳ್ಳೇ ಪ್ರಶ್ನೆ ಅಕ್ಕಾ, ಎಲ್ಲರೂ ಮೊದಲು ಕೇಳಬೇಕಾದ್ದೇ ಇದು. ಸರಿಯಾಗಿ ಮಾಡಿದರೆ ಆಗುವುದಿಲ್ಲ. ಪೆಡಲ್‌ನೊಳಗೆ ಸೆನ್ಸರ್ ಒಂದಲ್ಲ, ಎರಡು. ಹೆಚ್ಚಿನ ಪೆಡಲ್‌ಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರುತ್ತದೆ. ಒಂದರಲ್ಲಿ 2 ವೋಲ್ಟ್ ಇದ್ದರೆ ಇನ್ನೊಂದರಲ್ಲಿ 1 ಇರಲೇಬೇಕು. ಥ್ರಾಟಲ್ ಬಾಡಿಯಲ್ಲೂ ಎರಡು ಸೆನ್ಸರ್. ಅನೇಕ ಬಾಡಿಗಳಲ್ಲಿ ಒಂದು ಏರಿದ ಹಾಗೆ ಇನ್ನೊಂದು ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ ಸುಮಾರು 5 ವೋಲ್ಟ್. ಈ ಲೆಕ್ಕ ತಪ್ಪಿದ ಕೂಡಲೇ ಇಸಿಯು ಮೋಟರ್‌ನ ಕರೆಂಟ್ ಕಡಿಯುತ್ತದೆ. ಆಗ ಒಳಗಿನ ಸ್ಪ್ರಿಂಗ್ ಪ್ಲೇಟನ್ನು ಸ್ವಲ್ಪವೇ ತೆರೆದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಗಾಡಿ ಐಡಲ್‌ಗಿಂತ ಸ್ವಲ್ಪ ಮೇಲೆ ಓಡುತ್ತದೆ, ಬದಿಗೆ ತಂದು ನಿಲ್ಲಿಸಲಿಕ್ಕೆ ಅಷ್ಟು ಸಾಕು.

ಈ ರಕ್ಷಣೆ ಇಸಿಯುನ ಸೆಟ್ಟಿಂಗ್‌ನಲ್ಲಿ ಆನ್ ಇದ್ದರೆ ಮಾತ್ರ. ಎರಡನೇ ಸೆನ್ಸರ್‌ನ ವೈರ್ ಬಿಟ್ಟು ಒಂದರಲ್ಲೇ ಓಡಿಸುವ ಕೆಲಸ ಮಾಡಿಸಿಕೊಳ್ಳಬೇಡಿ ಅಂತ ತಮ್ಮನಿಗೆ ಹೇಳಿ. ಗಾಡಿ ತಗೊಳ್ಳುವ ದಿನ ಅವನ ಎದುರೇ ಪರೀಕ್ಷೆ ಆಗಲಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಪೆಡಲ್ ಅರ್ಧ ಒತ್ತಿ ಹಿಡಿದು, ಸಿಗ್ನಲ್ ವೈರ್‌ಗಳನ್ನು ಒಂದೊಂದಾಗಿ ಕಳಚಿ. ಪ್ರತಿ ಸಲವೂ ಪ್ಲೇಟ್ ತಕ್ಷಣ ಆ ಜಾಗಕ್ಕೆ ಬೀಳಬೇಕು. ಮೋಟರ್ ಪ್ಲಗ್ ಕಳಚಿದಾಗಲೂ ಹಾಗೇ. ಒಂದು ಸಲ ತಪ್ಪಿದರೂ ಗಾಡಿ ಹೊರಗೆ ಬರಬಾರದು.

ಪ್ರಶ್ನೆ (ಮಲ್ಪೆ): ನಮ್ಮ ಮನೆ ಕಡಲ ಬದಿಯಲ್ಲೇ. ಉಪ್ಪು ಗಾಳಿ, ಮಳೆ ಎರಡೂ ಜಾಸ್ತಿ. ಇಲ್ಲಿ ಬಾಳಿಕೆ ಬರುತ್ತದಾ?

ಉತ್ತರ: ಬರುತ್ತದೆ, ವೈರಿಂಗ್ ಚಂದ ಇದ್ದರೆ. ವೈರ್ ಹೆಣೆದು ಟೇಪ್ ಸುತ್ತಿದರೆ ನಮ್ಮಲ್ಲಿ ಒಳಗೆ ಹಸಿರು ಕಿಲುಬು ಹಿಡಿಯಲಿಕ್ಕೆ ತಡ ಇಲ್ಲ. ಕ್ರಿಂಪ್ ಮಾಡಿ (ಪಿನ್ನನ್ನು ವೈರ್‌ಗೆ ಇಕ್ಕಳದಿಂದ ಒತ್ತಿ ಕೂರಿಸಿ), ರಬ್ಬರ್ ಸೀಲ್ ಇರುವ ಕನೆಕ್ಟರನ್ನೇ ಹಾಕಿಸಿ. ಸೆನ್ಸರ್ ವೈರ್ ಸ್ಪಾರ್ಕ್ ಪ್ಲಗ್ ಕೇಬಲ್‌ನಿಂದ ದೂರ ಹೋಗಲಿ. ಸೆನ್ಸರ್‌ನ ಅರ್ಥಿಂಗ್ ಗಾಡಿಯ ಬಾಡಿಗೆ ಕೊಡಬೇಡಿ, ನೇರ ಇಸಿಯುಗೇ ವಾಪಸ್ ತನ್ನಿ. ಹಳೇ ಬಾಡಿಯಲ್ಲಿ ತುಕ್ಕು ಹಿಡಿದ ಬೋಲ್ಟ್ ಒಂದಿದ್ದರೆ ಸಾಕು, ವೋಲ್ಟೇಜ್ ಹಂದಾಡಿ ಕಾರಣವೇ ಇಲ್ಲದೆ ಗಾಡಿ ಸ್ಪೀಡ್ ಕಳೆದುಕೊಳ್ಳುತ್ತದೆ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕನೆಕ್ಟರ್ ಬಿಚ್ಚಿ ಪಿನ್ ನೋಡಿಸಿ.