ಬ್ಲೂ ಸಿಲ್ಕಿ ಜೋಡಿಗೆ ಮೂರು ಬಣ್ಣದ ಮರಿಗಳು: ತಳಿ ಕಲಬೆರಕೆಯೇ?

ಪ್ರಶ್ನೆ (ನಾಪೋಕ್ಲು)

ಮಾನ್ಯರೇ, ಕಳೆದ ವರ್ಷ ಬ್ಲೂ (ಬೂದು) ಬಣ್ಣದ ಒಂದು ಸಿಲ್ಕಿ (ರೇಷ್ಮೆಯಂಥ ಗರಿಯ ಕೋಳಿತಳಿ) ಹುಂಜವನ್ನೂ ಅದೇ ಬಣ್ಣದ ಒಂದು ಹೇಂಟೆಯನ್ನೂ ತಂದು, ಆರು ತಿಂಗಳಿಂದ ಬೇರೆ ಕೋಳಿಗಳೊಡನೆ ಬೆರೆಯದಂತೆ ಪ್ರತ್ಯೇಕ ಗೂಡಿನಲ್ಲಿ ಸಾಕುತ್ತಿದ್ದೇನೆ. ಈ ಸಲ 10 ಮೊಟ್ಟೆಗಳನ್ನು ಕಾವಿಗಿಟ್ಟಾಗ 21ನೆಯ ದಿನಕ್ಕೆ 9 ಮರಿಗಳು ಹೊರಬಂದವು. ಅವುಗಳಲ್ಲಿ 4 ಬೂದು, 2 ಕಪ್ಪು, ಉಳಿದ 3 ಮಾಸಿದ ಬಿಳುಪು. ಮಾರಿದವರು ಶುದ್ಧ ತಳಿಯೆಂದೇ ಹೇಳಿದ್ದರು. ನಮ್ಮ ಚಿಕ್ಕಪ್ಪನವರು ನನಗೆ ಟೋಪಿ ಬಿದ್ದಿದೆ ಎನ್ನುತ್ತಾರೆ. ಹುಂಜ ಬಂದ ಹೊಸತರಲ್ಲಿ ಅದನ್ನು ಬಿಳಿಕಾಲಿನ ಒಂದು ನಾಟಿ ಹೇಂಟೆಯ ಜೊತೆಗೂ ಬಿಟ್ಟಿದ್ದೆ. ಆ ಮರಿಗಳಿಗೆ ಐದು ಬೆರಳು, ಜುಟ್ಟು ಎಲ್ಲವೂ ಬಂದವು, ಆದರೆ ಗರಿ ಮಾತ್ರ ನಾಟಿ ಕೋಳಿಯದ್ದೇ. ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ 1 (ಸೋಮವಾರಪೇಟೆ)

ನಿಮಗೆ ಯಾರೂ ಟೋಪಿ ಹಾಕಿಲ್ಲ. ಬಂದಿರುವ ಲೆಕ್ಕವೇ ಜೋಡಿ ಸರಿಯಿದೆಯೆಂದು ಹೇಳುತ್ತಿದೆ. ಬ್ಲೂ ಎಂಬುದು ಸ್ವತಂತ್ರ ಬಣ್ಣವಲ್ಲ, ಕಪ್ಪನ್ನು ತೆಳುವಾಗಿಸುವ ಒಂದು ವಂಶವಾಹಿಯ ಕೆಲಸ. ಅದು ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದರೆ ಕಪ್ಪು ಗರಿ ಬೂದು ಬಣ್ಣಕ್ಕೆ, ಅಂದರೆ ಬ್ಲೂಗೆ, ತಿರುಗುತ್ತದೆ. ಇಬ್ಬರಿಂದಲೂ ಬಂದರೆ ಬಿಳುಪಿನ ಮೇಲೆ ಅಲ್ಲಲ್ಲಿ ಬೂದು ಚಿಮುಕಿಸಿದಂತೆ ಕಾಣುವ ಸ್ಪ್ಲ್ಯಾಶ್ ಆಗುತ್ತದೆ. ಯಾರಿಂದಲೂ ಬಾರದಿದ್ದರೆ ಅಚ್ಚ ಕಪ್ಪು ಉಳಿಯುತ್ತದೆ. ಹಾಗಾಗಿ ಬ್ಲೂಗೆ ಬ್ಲೂ ಕೂಡಿಸಿದರೆ ಸರಾಸರಿ ನೂರಕ್ಕೆ 50 ಬ್ಲೂ, 25 ಕಪ್ಪು, 25 ಸ್ಪ್ಲ್ಯಾಶ್. ನಿಮ್ಮ ಮಾಸಿದ ಬಿಳುಪಿನ ಮೂರೂ ಸ್ಪ್ಲ್ಯಾಶ್ ಮರಿಗಳಿರಬೇಕು; ಗರಿ ಬಲಿತಂತೆ ಚುಕ್ಕೆಗಳು ಸ್ಪಷ್ಟವಾಗುತ್ತವೆ.

ಎಲ್ಲ ಮರಿಗಳೂ ಬ್ಲೂ ಆಗಬೇಕೆಂದರೆ ಬ್ಲೂ ಜೋಡಿಯನ್ನು ಹುಡುಕುವುದೇ ತಪ್ಪು. ಕಪ್ಪು ಮತ್ತು ಸ್ಪ್ಲ್ಯಾಶ್ ಜೋಡಿಸಬೇಕು. ಮರಿಗಳಲ್ಲಿ ಒಂದೇ ಒಂದು ಕಪ್ಪಾಗಲಿ ಸ್ಪ್ಲ್ಯಾಶ್ ಆಗಲಿ ಇರುವುದಿಲ್ಲ.

ನಾಟಿ ಹೇಂಟೆಯ ವಿಷಯದಲ್ಲೂ ಹುಂಜದ ದೋಷವಿಲ್ಲ. ಸಿಲ್ಕಿಯ ಗರಿಯ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕೊಕ್ಕೆಗಳು ಇಲ್ಲದಿರುವುದರಿಂದಲೇ ಅದು ಕೂದಲಿನಂತೆ ಹರಡಿಕೊಳ್ಳುತ್ತದೆ, ಮತ್ತು ಆ ಗುಣ ಕಾಣಿಸಿಕೊಳ್ಳಲು ತಂದೆ ತಾಯಿ ಇಬ್ಬರಿಂದಲೂ ಬಂದಿರಬೇಕು. ಆ ಮರಿಗಳನ್ನೇ ಮುಂದೆ ತಮ್ಮತಮ್ಮಲ್ಲಿ ಕೂಡಿಸಿದರೆ ನಾಲ್ಕರಲ್ಲಿ ಒಂದಕ್ಕೆ ರೇಷ್ಮೆ ಗರಿ ಮರಳಿ ಬರುತ್ತದೆ. ಇನ್ನೊಂದು ಸೋಜಿಗ: ಬಿಳಿಕಾಲಿನ ಹೇಂಟೆಗೆ ಕಪ್ಪು ಚರ್ಮದ ಸಿಲ್ಕಿ ಹುಂಜದಿಂದ ಹುಟ್ಟಿದ ಹೆಣ್ಣುಮರಿಗಳ ಚರ್ಮ ಕಪ್ಪಾಗಿಯೂ ಗಂಡುಮರಿಗಳದ್ದು ಬಹಳ ತಿಳಿಯಾಗಿಯೂ ಇರುತ್ತದೆ, ಏಕೆಂದರೆ ಕಪ್ಪನ್ನು ತಡೆಯುವ ವಂಶವಾಹಿ ತಾಯಿಯಿಂದ ಗಂಡುಮರಿಗೆ ಮಾತ್ರ ದಾಟುತ್ತದೆ. ಬೇಟ್ಸನ್ ಮತ್ತು ಪನೆಟ್ ಎಂಬ ವಿಜ್ಞಾನಿಗಳು ಇದನ್ನು ಕಂದು ಲೆಗ್‌ಹಾರ್ನ್ ಎಂಬ ಕೋಳಿತಳಿಯ ಜೊತೆಗಿನ ಬೆರಕೆಯಲ್ಲಿ ಗಮನಿಸಿ 1911ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಉತ್ತರ 2 (ಗೋಣಿಕೊಪ್ಪ)

ಮೇಲಿನ ಉತ್ತರಕ್ಕೆ ನನ್ನ ಸಂಪೂರ್ಣ ಸಹಮತವಿದೆ, ಆದರೆ ಮಾರಿದವರು ಈ ಲೆಕ್ಕವನ್ನು ಮೊದಲೇ ತಿಳಿಸಬೇಕಿತ್ತು. ಸ್ಪ್ಲ್ಯಾಶ್ ಸಿಗದಿದ್ದರೆ ಬಿಳಿ ಸಿಲ್ಕಿಯನ್ನು ಕೂಡಿಸಿಬಿಡೋಣ ಎಂದು ಮಾತ್ರ ಯೋಚಿಸಬೇಡಿ. ನಾನು ಹಾಗೆ ಮಾಡಿ ಎರಡು ವರ್ಷ ಕಳೆದುಕೊಂಡೆ. ಸಿಲ್ಕಿಯ ಬಿಳುಪು ಸಾಮಾನ್ಯವಾಗಿ ಒಂದು ಮುಸುಕು. ಅದರಡಿ ಕಪ್ಪಿದೆಯೋ ಹೊಂಬಣ್ಣವಿದೆಯೋ ಮರಿ ಹುಟ್ಟುವವರೆಗೂ ಯಾರಿಗೂ ಗೊತ್ತಾಗದು. ನನ್ನ ಬ್ಲೂ ಮರಿಗಳ ಕುತ್ತಿಗೆಯಲ್ಲೆಲ್ಲ ಹಳದಿ ಇಣುಕಿತು, ಮುಂದಿನ ಪೀಳಿಗೆಯಲ್ಲಿ ಬಿಳಿ ಮರಿಗಳೂ ಬಂದವು.

ಪ್ರಶ್ನಿಸಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಈ ಮರಿಗಳಲ್ಲೇ ಒಂದು ಸ್ಪ್ಲ್ಯಾಶ್ ಹುಂಜ, ಒಂದು ಕಪ್ಪು ಹೇಂಟೆ ಉಳಿಸಿಕೊಂಡರೆ ಸಾಕಲ್ಲವೇ?

ಉತ್ತರ 3 (ಮಡಿಕೇರಿ)

ಅಣ್ಣ, ಬಣ್ಣದ ಲೆಕ್ಕಕ್ಕೆ ಸಾಕು, ಆದರೆ ಒಡಹುಟ್ಟುಗಳನ್ನು ಕೂಡಿಸುತ್ತಾ ಹೋದರೆ ಮೊಟ್ಟೆ ಫಲಿಸುವುದು ಕಡಿಮೆಯಾಗುತ್ತದೆ. ಕಪ್ಪು ಹೇಂಟೆಯನ್ನು ಹೊರಗಿನಿಂದ ತನ್ನಿ. ಸಿಲ್ಕಿಯಲ್ಲಿ ಗಂಡು ಹೆಣ್ಣು ಗುರುತಿಸಲು ಎಷ್ಟೋ ಸಲ 4–5 ತಿಂಗಳು ಕಾಯಬೇಕಾಗುವುದರಿಂದ ಅವಸರವೂ ಬೇಡ.

ನನ್ನ ಆತಂಕವಿರುವುದು ಮಳೆಯ ಬಗ್ಗೆ. ನಾಟಿ ಕೋಳಿ ಕಾಫಿ ಗಿಡದಡಿ ನಿಂತು ಮಳೆ ಕಳೆಯುತ್ತದೆ. ಸಿಲ್ಕಿಯ ಗರಿಯಲ್ಲಿ ನೀರು ಜಾರುವುದಿಲ್ಲ, ಚರ್ಮದವರೆಗೂ ಇಳಿಯುತ್ತದೆ. ಕಕ್ಕಡದಲ್ಲಿ (ಜುಲೈ–ಆಗಸ್ಟ್ ಹೊತ್ತಿನ ಜೋರು ಮಳೆಯ ತಿಂಗಳು) ಒಮ್ಮೆ ನೆನೆದ ಮರಿ ಬದುಕುವುದು ದುರ್ಲಭ. ಗೂಡನ್ನು ನೆಲದಿಂದ ಎರಡಡಿ ಎತ್ತರಿಸಿ, ಇರಚಲು ಬರುವ ಬದಿಗೆ ತಗಡು ಕಟ್ಟಿ, ಮೇಲ್ಭಾಗದಲ್ಲಿ ಗಾಳಿಗೆ ಜಾಗ ಬಿಡಿ. ಇವು ಹಾರಲಾರವು, ಆದ್ದರಿಂದ ಮೇಲೇರಲು ಇಳಿಜಾರು ಹಲಗೆಯೊಂದು ಬೇಕು. ಕೆಳಗೆ ಹಾಸುವ ಭತ್ತದ ಹೊಟ್ಟು ಒದ್ದೆಯಾದ ದಿನವೇ ಬದಲಾಯಿಸಿ. ತೇವದಲ್ಲಿ ರಕ್ತಭೇದಿಯ ರೋಗಾಣು ಬಹುಬೇಗ ಬಲಿಯುತ್ತದೆ. ಕಾಲಿನ ಗರಿಗೆ ಕೆಸರು ಮೆತ್ತಿಕೊಂಡಿದ್ದರೆ ತೊಳೆದು ಪೂರ್ತಿ ಒಣಗಿಸಿ. ಕಣ್ಣಿಗೆ ಇಳಿಬಿದ್ದ ಜುಟ್ಟನ್ನು ಸ್ವಲ್ಪ ಕತ್ತರಿಸುವುದು ಒಳ್ಳೆಯದು, ಏಕೆಂದರೆ ಮೇಲಿಂದ ಎರಗುವ ಗಿಡುಗ ಅವಕ್ಕೆ ಕಾಣುವುದೇ ಇಲ್ಲ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಹನಿ ಹಾಕಿಸದಿದ್ದರೆ ಈ ವಾರವೇ ಹಾಕಿಸಿ.