ಭೂಕುಸಿತದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ನಾವು ಹೇಗೆ ಆಸರೆಯಾಗಬಹುದು? ಕಂಡವರು ಹೇಳಿ

ಗುಂಡ್ಲುಪೇಟೆ ಕಡೆಯಿಂದ ಪ್ರಶ್ನೆ:
ನಮ್ಮ ಪಕ್ಕದ ಮನೆ ಅಣ್ಣನ ತಮ್ಮ, ತಮ್ಮನ ಹೆಂಡತಿ ಇಬ್ಬರೂ 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲದಲ್ಲಿ ತೀರಿಕೊಂಡರು. ಟೀ ಎಸ್ಟೇಟ್ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದ್ದರು. ಮಕ್ಕಳಿರಲಿಲ್ಲ. ಹೆಂಡತಿಯ ದೇಹ ಸಿಕ್ಕಿತು, ತಮ್ಮನದು ಸಿಗಲಿಲ್ಲ. ಅಣ್ಣ ಇವತ್ತಿಗೂ ತಿಥಿ ಮಾಡಿಲ್ಲ. ‘ಸಿಗದೆ ಹೇಗಪ್ಪಾ ಮಾಡೋದು’ ಅನ್ನುತ್ತಾರೆ. ಅವರ ಅಮ್ಮ ಮಾತೇ ಕಡಿಮೆ ಮಾಡಿದ್ದಾರೆ. ಊರಲ್ಲಿ ಈಗ ಯಾರೂ ಆ ವಿಷಯ ಎತ್ತುವುದಿಲ್ಲ. ನಾವು ಏನು ಮಾಡಬಹುದು?

ಮಡಿಕೇರಿಯಿಂದ:
ಮೊದಲು, ತೀರಿಕೊಂಡವರ ಹೆಸರು ಎತ್ತಿ ಮನೆಯವರ ಜೊತೆ ಮಾತಾಡಿ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ದೊಡ್ಡಪ್ಪ ಮಣ್ಣಿನಡಿ ಹೋದರು. ಆರಂಭದಲ್ಲಿ ಮನೆ ತುಂಬ ಜನ. ಅಕ್ಕಿ, ಕಂಬಳಿ ಇಡಲು ಜಾಗ ಇರಲಿಲ್ಲ. ದೀಪಾವಳಿ ಹೊತ್ತಿಗೆ ಬಾಗಿಲಿಗೆ ಬರುವವರೇ ಇಲ್ಲ. ಬಂದವರೂ ಮಳೆ, ಬೆಳೆ ಅಂತ ಮಾತಾಡಿ ಎದ್ದು ಹೋಗುತ್ತಿದ್ದರು. ನೋವಾಗುತ್ತದೆ ಅಂತ ಅವರು ಸುಮ್ಮನಿದ್ದರು. ಎಲ್ಲರೂ ಮರೆತುಬಿಟ್ಟರು ಅಂತ ದೊಡ್ಡಮ್ಮನಿಗೆ ಅನಿಸುತ್ತಿತ್ತು. ಕೊನೆಗೆ ದೊಡ್ಡಪ್ಪನ ಜೊತೆ ತೋಟದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಬಂದರು. ಏಣಿ ಹತ್ತಿ ಕಾಳುಮೆಣಸು ಕೊಯ್ಯುವಾಗ ದೊಡ್ಡಪ್ಪ ಕೆಳಗಿದ್ದವರನ್ನೆಲ್ಲ ಹೇಗೆ ರೇಗಿಸುತ್ತಿದ್ದರು ಅಂತ ಹೇಳುತ್ತಾ ಕೂತರು. ದೊಡ್ಡಮ್ಮ ನಕ್ಕರು, ಆಮೇಲೆ ತುಂಬ ಹೊತ್ತು ಅತ್ತರು. ಅವತ್ತು ರಾತ್ರಿ ಸರಿಯಾಗಿ ಊಟ ಮಾಡಿದರು.

‘ಎಲ್ಲ ಹಣೆಬರಹ’, ‘ನೀವಾದರೂ ಉಳಿದಿರಲ್ಲ’ ಅಂತ ಮಾತ್ರ ಹೇಳಬೇಡಿ. ಉಳಿದದ್ದೇ ಅವರಿಗೆ ಭಾರ.

ಇನ್ನೊಂದು ವಿಷಯ. ಜೂನ್‌ನಲ್ಲಿ ಮಳೆ ಜೋರಾದರೆ ಆ ರಾತ್ರಿ ಅವರ ಮನೆಗೆ ಹೋಗಿ ಮಲಗಿ. ನಮ್ಮ ಮನೆಯಲ್ಲಿ ಹೆಂಚಿನ ಮೇಲೆ ಮಳೆ ಬಿದ್ದರೆ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಜೊತೆಗೆ ಒಬ್ಬರು ಇದ್ದರೆ ಸಾಕು, ಮಾತು ಕೂಡ ಬೇಕಿಲ್ಲ.

ಸುಲ್ತಾನ್ ಬತ್ತೇರಿಯಿಂದ:
ಅಣ್ಣನನ್ನು ಪುತ್ತುಮಲಕ್ಕೆ ಕರೆದುಕೊಂಡು ಬನ್ನಿ. ಗುರುತು ಸಿಗದ ದೇಹಗಳನ್ನು, ದೇಹದ ಭಾಗಗಳನ್ನು ಮಣ್ಣು ಮಾಡಿದ್ದು ಅಲ್ಲೇ. ಎಷ್ಟೋ ದೇಹಗಳು ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನವರೆಗೆ ತೇಲಿ ಹೋಗಿದ್ದವು. ಯಾರು ಯಾವ ಧರ್ಮ ಅಂತ ಗೊತ್ತಿಲ್ಲದ ಕಾರಣ ಎಲ್ಲ ಧರ್ಮದ ಪ್ರಾರ್ಥನೆಯನ್ನೂ ಮಾಡಿದರು. ಮೊದಲು ಪ್ರತಿ ಸಮಾಧಿಗೂ ಬರೀ ಒಂದು ನಂಬರ್ ಇತ್ತು. ಡಿಎನ್‌ಎ ಹೊಂದಿದ ಮೇಲೆ ಕೆಲವಕ್ಕೆ ಹೆಸರು ಬಂತು. ಅಣ್ಣನೋ ಅಮ್ಮನೋ ರಕ್ತದ ಮಾದರಿ ಕೊಟ್ಟಿದ್ದಾರಾ ಅಂತ ಕೇಳಿ. ಅಮ್ಮನದಾದರೆ ಹೋಲಿಕೆ ಹೆಚ್ಚು ಖಚಿತ.

ಪುತ್ತುಮಲದಲ್ಲೇ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು 17 ಜನ ಹೋಗಿದ್ದರು. ಅವರಲ್ಲೂ ಕೆಲವರು ಇವತ್ತಿಗೂ ಸಿಕ್ಕಿಲ್ಲ. ಹಾಗಾಗಿ ಇಲ್ಲಿನ ಜನಕ್ಕೆ ನಿಮ್ಮ ಅಣ್ಣನ ಕಷ್ಟ ಹೊಸದಲ್ಲ. ಅವರ ಜೊತೆ ಒಂದು ಹೊತ್ತು ಕೂತರೂ ಅಣ್ಣನಿಗೆ ಸಮಾಧಾನವಾಗುತ್ತದೆ. ಅಮ್ಮ ಬರುತ್ತೇನೆ ಅಂದರೆ ಕರೆತನ್ನಿ, ಬಲವಂತ ಬೇಡ.

ಮಂಡ್ಯದಿಂದ:
ದೇಹ ಸಿಗದಿದ್ದರೂ ತಿಥಿ ಮಾಡಬಹುದು. ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ಮಾಡುವ ಪದ್ಧತಿ ಹಿಂದಿನಿಂದಲೂ ಇದೆ. ನಿಮ್ಮ ಕಡೆ ಮಣ್ಣು ಮಾಡುವ ಪದ್ಧತಿಯಾದರೆ ಕುಲದ ಹಿರಿಯರನ್ನು ಕೇಳಿ. ಚೂರಲ್‌ಮಲದ ಒಂದು ಹಿಡಿ ಮಣ್ಣು ತಂದು ಹಾಲುತುಪ್ಪ ಬಿಟ್ಟರೆ ತಪ್ಪೇನಿಲ್ಲ ಅಂತ ನನಗೆ ಅನಿಸುತ್ತದೆ. ಮಹಾಲಯ ಅಮಾವಾಸ್ಯೆ ಇರುವುದೇ ದಿನ, ತಿಥಿ ಗೊತ್ತಿಲ್ಲದವರಿಗೂ ಸೇರಿಸಿ ಎಡೆ ಇಡಲು. ಅವರಿಗೆ ಇಷ್ಟವಾದ ಅಡುಗೆ ಯಾವುದು ಅಂತ ಅಮ್ಮನನ್ನೇ ಕೇಳಿ, ಆ ನೆಪದಲ್ಲಾದರೂ ಮಾತಾಡುತ್ತಾರೆ. ಆದರೆ ದಿನ ನಿರ್ಧಾರ ಮಾಡುವುದು ಅವರ ಮನೆಯವರು, ನಾವಲ್ಲ.

ಅಂಕೋಲಾದಿಂದ:
ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ಕ್ಕೆ. ಮಣ್ಣಿನ ಜೊತೆ ಗಂಗಾವಳಿ ಹೊಳೆಗೆ ಹೋಗಿದ್ದ ಲಾರಿ, ಒಳಗಿದ್ದ ಚಾಲಕನ ದೇಹದ ಸಮೇತ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನ ಮನೆಯವರು ಕಾದರು. ಸಿಗದೇ ಹೋದವರೂ ಇದ್ದಾರೆ. ಆಗ ಕಂಡದ್ದು: ದುರಂತದ ವಿಡಿಯೋಗಳು ಮನೆಯವರ ಫೋನಿಗೇ ಬಂದು ಬೀಳುತ್ತಿದ್ದವು. ಪ್ರತಿ ಜುಲೈನಲ್ಲೂ ಅವು ಮತ್ತೆ ಓಡಾಡುತ್ತವೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೂ ಹಾಕದಂತೆ ಮೊದಲೇ ಹೇಳಿಡಿ. ಅದರ ಬದಲು ಅವರಿಬ್ಬರ ಒಳ್ಳೆಯ ಫೋಟೋ ಯಾರ ಹತ್ತಿರವಾದರೂ ಇದ್ದರೆ ಹುಡುಕಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಮ್ಮನಿಗೆ ಕೊಡಿ. ಮನೆಯ ಜೊತೆ ಫೋಟೋಗಳೂ ಹೋಗಿರುತ್ತವೆ.

ಮೈಸೂರಿನಿಂದ, ಬ್ಯಾಂಕಿನಲ್ಲಿದ್ದವನು:
ಕಾಗದಪತ್ರದ ಕೆಲಸಕ್ಕೆ ಒಬ್ಬರು ಹೆಗಲು ಕೊಡಿ. ದುಃಖದಲ್ಲಿರುವವರಿಗೆ ಕಚೇರಿ ಅಲೆಯುವುದು ನಿಜಕ್ಕೂ ಹಿಂಸೆ. ಕಾಣೆಯಾದವರನ್ನು ಸತ್ತವರು ಅಂತ ಕಾನೂನು ಒಪ್ಪಲು ಸಾಮಾನ್ಯವಾಗಿ 7 ವರ್ಷ ಬೇಕು. ಆದರೆ ವಯನಾಡಿನ ವಿಷಯದಲ್ಲಿ ಕೇರಳ ಸರ್ಕಾರ 2025ರ ಜನವರಿಯಲ್ಲೇ ಸಿಗದವರನ್ನೂ ಮೃತರೆಂದು ಪರಿಗಣಿಸಲು ತೀರ್ಮಾನಿಸಿತು. ತಮ್ಮನ ಹೆಸರು ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ. ಮರಣ ಪತ್ರ ಸಿಗುವುದು ಘಟನೆ ನಡೆದ ಜಾಗದಲ್ಲಿ, ಅಂದರೆ ಮೇಪ್ಪಾಡಿ ಪಂಚಾಯತಿಯಲ್ಲಿ. ಮಲಯಾಳಂ ಓದಲು ಬರುವವರನ್ನು ಜೊತೆಗೆ ಕರೆದೊಯ್ಯಿರಿ. ವಿಪತ್ತು ಪರಿಹಾರ ನಿಧಿಯಿಂದ ಒಬ್ಬ ಮೃತರಿಗೆ 4 ಲಕ್ಷ ರೂಪಾಯಿ ಇದೆ, ಅದು ಬಂದಿದೆಯಾ ವಿಚಾರಿಸಿ.

ಇಬ್ಬರ ಬ್ಯಾಂಕ್ ಖಾತೆಯ ವಿವರವನ್ನೂ ತೆಗೆಸಿ. ವರ್ಷಕ್ಕೆ 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, 20 ರೂಪಾಯಿ ಆಗಿದ್ದರೆ ಸುರಕ್ಷಾ ವಿಮೆ. ಎರಡರಲ್ಲೂ ತಲಾ 2 ಲಕ್ಷ ಇರುತ್ತದೆ. ಎಷ್ಟೋ ಮನೆಗಳಲ್ಲಿ ಇದು ಇದ್ದದ್ದೇ ಗೊತ್ತಿರುವುದಿಲ್ಲ. ಎಸ್ಟೇಟ್ ಕೆಲಸ ಅಂದರೆ ಪಿ.ಎಫ್. ಇರಬಹುದು, ಅದರ ಜೊತೆಗೂ ವಿಮೆ ಬರುತ್ತದೆ. ಹೆಂಡತಿ, ಮಕ್ಕಳು ಇಲ್ಲದಿರುವಾಗ ಮಗನ ಹಣಕ್ಕೆ ಅಮ್ಮನೇ ಮೊದಲ ವಾರಸುದಾರರು. ಸೊಸೆಯ ಕಡೆಯವರ ಜೊತೆಯೂ ಕೂತು ಮಾತಾಡಿ, ಅವರದೂ ಅಷ್ಟೇ ನಷ್ಟ ಅಲ್ವಾ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ.

ಅಮ್ಮ ಊಟ, ನಿದ್ದೆ ಬಿಟ್ಟಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ನೀವೇ ಮಾತಾಡಿ, ಆಮೇಲೆ ಅವರಿಗೆ ಫೋನ್ ಕೊಡಬಹುದು.