ಲೀಡ್ಸ್‌ನಲ್ಲಿ ಬಾಡಿಗೆ ಮನೆ: ಆರು ತಿಂಗಳ ಮುಂಗಡ ಕೊಡಬೇಕಾ?

ಶಿರಸಿ ಪಾಲಕ: ಮಗಳು ಓದಲು ಸೆಪ್ಟೆಂಬರ್‌ಗೆ ಲೀಡ್ಸ್‌ಗೆ ಹೊರಟಿದ್ದಾಳೆ. ಬಾಡಿಗೆ ತಿಂಗಳಿಗೆ 650 ಪೌಂಡ್. ಅಲ್ಲಿ ಜಾಮೀನುದಾರರಿಲ್ಲ ಅಂತ ಏಜೆಂಟ್ ಆರು ತಿಂಗಳದ್ದು ಈಗಲೇ ಕೇಳ್ತಿದ್ದಾರೆ. ಅಡಿಕೆ ಮಾರಿದ ದುಡ್ಡಿದೆ, ಕಳಿಸಿಬಿಡಲಾ?

ಕಾರವಾರ ವಕೀಲ: ಬೇಡ ಮಾರಾಯ್ರೆ. ಇಂಗ್ಲೆಂಡಿನ ಬಾಡಿಗೆದಾರರ ಹಕ್ಕುಗಳ ಕಾಯ್ದೆ 2026ರ ಮೇ 1ರಿಂದ ಜಾರಿಯಲ್ಲಿದೆ. ಕರಾರಿಗೆ ಸಹಿ ಆಗುವ ಮೊದಲು ಬಾಡಿಗೆ ಕೇಳುವಂತಿಲ್ಲ, ನೀವಾಗಿ ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಸಹಿಯಾದ ಮೇಲೆ, ಮನೆ ಸೇರುವ ಮುಂಚೆ, ಹೆಚ್ಚೆಂದರೆ ಒಂದು ತಿಂಗಳದ್ದು. ಡಿಪಾಸಿಟ್ ಬೇರೆ, ಅದಕ್ಕೆ ಐದು ವಾರದ ಬಾಡಿಗೆಯ ಮಿತಿ: 650ನ್ನು 12ರಿಂದ ಗುಣಿಸಿ 52ರಿಂದ ಭಾಗಿಸಿದರೆ ವಾರಕ್ಕೆ 150, ಅಂದರೆ 750 ಪೌಂಡ್. ಅದನ್ನು ಮನೆ ಮಾಲೀಕರು ಪಡೆದ 30 ದಿನದೊಳಗೆ ಸರ್ಕಾರ ಒಪ್ಪಿದ ಡಿಪಾಸಿಟ್ ರಕ್ಷಣಾ ಯೋಜನೆಯಲ್ಲಿಟ್ಟು ವಿವರ ಕೊಡಬೇಕು. ಆ ಕಾಗದ ಬಿಡಬೇಡಿ, ಮನೆ ಬಿಡುವಾಗ ಜಗಳ ಬರುವುದೇ ಅಲ್ಲಿ. ಜಾಮೀನುದಾರರನ್ನು ಕೇಳುವುದು ಮಾತ್ರ ಈಗಲೂ ಕಾನೂನುಬದ್ಧ.

ಕುಮಟಾ ಓದುಗ: ಅದು ಮನೆಯೋ ಹಾಸ್ಟೆಲ್ಲೋ, ಮೊದಲು ನೋಡಿ ಸರ್. ವಿಶ್ವವಿದ್ಯಾಲಯದ ಹಾಸ್ಟೆಲ್‌ಗಾಗಲೀ ಸರ್ಕಾರ ಒಪ್ಪಿದ ನಿರ್ವಹಣಾ ನಿಯಮಾವಳಿಗೆ ಸೇರಿದ ಖಾಸಗಿ ವಿದ್ಯಾರ್ಥಿ ವಸತಿಗಾಗಲೀ ಮುಂಗಡ ಬಾಡಿಗೆಯ ಈ ಮಿತಿ ಇಲ್ಲ.

ಶಿರಸಿ ಪಾಲಕ: ಮನೆಯೇ, ಮೂವರು ಒಂದೇ ಕರಾರಿನಲ್ಲಿ. ಒಂದು ವರ್ಷ ಬಿಡುವಂತಿಲ್ಲ ಅಂತ ಬರೆದಿದೆ.

ಕಾರವಾರ ವಕೀಲ: ಆ ಷರತ್ತು ಈಗ ನಿಲ್ಲೋದಿಲ್ಲ. ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಆದರೆ ಜಂಟಿ ಕರಾರಿನಲ್ಲಿ ಒಬ್ಬಳು ನೋಟಿಸ್ ಕೊಟ್ಟರೂ ಮೂವರ ಬಾಡಿಗೆಯೂ ಮುಗಿಯುತ್ತದೆ. ಇದನ್ನು ಮೂವರಿಗೂ ಈಗಲೇ ಹೇಳಿಡಿ.